ಬೆನಿನ್‌ಗೆ ಫ್ರೆಂಚ್, ಬೀದರಿಗೆ ಏನು?

ಕನ್ನಡದ ತರುಣರೇ, ಸಿಟ್ಟು ಮಾಡಿಕೊಳ್ಳುವ ಮೊದಲು ಸ್ವಲ್ಪ ಕಾನೂನು ಓದೋಣ. ಘೋಷಣೆ ಕೂಗುವುದು ಇದ್ದೇ ಇದೆ.

ಈ ದೇಶದ ಔಷಧಿಗಳಿಗೆಲ್ಲ 1940ರ ಔಷಧ ಕಾಯಿದೆ, ಅದರಡಿ ಬಂದ 1945ರ ನಿಯಮಗಳು ಇವೆ. ಆ ನಿಯಮಗಳಲ್ಲಿ 94ನೆಯದು ಹೊರದೇಶಕ್ಕೆ ಹೋಗುವ ಔಷಧಿಗೆ ಸಂಬಂಧಪಟ್ಟದ್ದು. ಅದು ಹೇಳುವುದು ಇಷ್ಟೇ: ರಫ್ತಾಗುವ ಔಷಧಿಯ ಲೇಬಲ್ಲು, ಅದು ಹೋಗಿ ಮುಟ್ಟುವ ದೇಶದ ಕಾನೂನು ಏನು ಕೇಳುತ್ತದೋ ಅದಕ್ಕೆ ಹೊಂದಿಕೊಂಡಿರಬೇಕು. ಅಂದರೆ ಅವರು ಫ್ರೆಂಚ್ ಕೇಳಿದರೆ ಫ್ರೆಂಚ್, ರಷ್ಯನ್ ಕೇಳಿದರೆ ರಷ್ಯನ್. ಅಲ್ಲಿಂದ ಎರಡು ಹೆಜ್ಜೆ ಮುಂದೆ 96ನೇ ನಿಯಮ. ಅದು ನಮ್ಮಲ್ಲಿ, ನಿಮ್ಮ ಬೀದಿಯ ಮೆಡಿಕಲ್ ಶಾಪಿನಲ್ಲಿ ಮಾರುವ ಔಷಧಿಗೆ. ಹೆಸರು ಇರಬೇಕು, ಬ್ಯಾಚ್ ನಂಬರು ಇರಬೇಕು, ಲೈಸೆನ್ಸ್ ನಂಬರು ಇರಬೇಕು, ತಯಾರಾದ ದಿನ, ಅವಧಿ ಮುಗಿಯುವ ದಿನ... ಪಟ್ಟಿ ಉದ್ದ ಇದೆ. ಯಾವ ಅಕ್ಷರ ಯಾವುದಕ್ಕಿಂತ ಎಷ್ಟು ದಪ್ಪ ಇರಬೇಕು ಅನ್ನುವುದೂ ಇದೆ. ಆದರೆ ಅದನ್ನು ಕೊಂಡು ನುಂಗುವವನ ಭಾಷೆಯಲ್ಲಿ ಇರಬೇಕು ಅನ್ನುವ ಒಂದೇ ಒಂದು ಸಾಲು ಇಲ್ಲ!

ಭಾಷೆ ಯಾವುದು ಅಂತ ಹೇಳದೆ ಬಿಟ್ಟರೆ ನಮ್ಮ ದೇಶದಲ್ಲಿ ಅದಕ್ಕೆ ಇಂಗ್ಲಿಷ್ ಅಂತಲೇ ಅರ್ಥ. ಹಳ್ಳಿಯ ಜನ 'ಇಂಗ್ಲಿಷ್ ಔಷಧಿ' ಅನ್ನುತ್ತಾರಲ್ಲ, ಲೇಬಲ್ ನೋಡಿಯೇ ಹೆಸರಿಟ್ಟಿರಬೇಕು.

ನಾನು ಪಿಯುಸಿ ಮುಗಿಸಿ ಪ್ರೆಸ್ಸಿಗೆ ಬಂದವನು. ಮೊಳೆ ಜೋಡಿಸುವ ಕಾಲದ ಕೊನೆ ಕಂಡಿದ್ದೇನೆ, ಈಗ ಆಫ್‌ಸೆಟ್ ಇಟ್ಟುಕೊಂಡಿದ್ದೇನೆ. ಮದುವೆ ಕಾರ್ಡು, ಬಿಲ್ ಬುಕ್ಕು, ಕರಪತ್ರ, ಜೊತೆಗೆ ಔಷಧಿ ಕಂಪನಿಗಳ ಕೆಲಸ. ಮಾತ್ರೆ ಡಬ್ಬಿಯೊಳಗೆ ಮಡಿಸಿಟ್ಟ ತೆಳ್ಳನೆಯ ಕಾಗದ ಇರುತ್ತದಲ್ಲ, ಆ ಒಳಚೀಟಿ, ಮತ್ತು ಹೊರಗಿನ ಡಬ್ಬಿ. ಪಶ್ಚಿಮ ಆಫ್ರಿಕಾಕ್ಕೆ ಹೋಗುವ ಮಾಲಿಗೆ ಫ್ರೆಂಚಿನಲ್ಲಿ ಅಚ್ಚು ಹಾಕಿದ್ದೇನೆ. ಮೊಜಾಂಬಿಕ್‌ಗೆ ಹೋಗುವ ಮಾಲಿಗೆ ಪೋರ್ಚುಗೀಸಿನಲ್ಲಿ ಹಾಕಿದ್ದೇನೆ. ನನಗೆ ಆ ಭಾಷೆಗಳ ಗಂಧವೂ ಇಲ್ಲ. ನನ್ನ ಮೆಷಿನ್ ಮ್ಯಾನ್‌ಗೆ ಮೊದಲೇ ಇಲ್ಲ. ಆದರೂ ಆ ಕೆಲಸ ಬಂದರೆ ಏನು ಶಿಸ್ತು ಅಂತೀರಿ! ಕಂಪನಿಯವನು ಪ್ರೂಫಿನ ಮೇಲೆ ಭೂತಗನ್ನಡಿ ಹಿಡಿದು ಕೂರುತ್ತಾನೆ. ಫ್ರೆಂಚಿನಲ್ಲಿ ಕೆಲವು ಅಕ್ಷರದ ತಲೆಯ ಮೇಲೆ ಸಣ್ಣ ಗೀಟು ಇರುತ್ತದೆ. ಆ ಗೀಟು ಎಡಕ್ಕೆ ವಾಲಿದೆಯೋ ಬಲಕ್ಕೆ ವಾಲಿದೆಯೋ ಅಂತ ಒಂದೊಂದನ್ನೂ ಎಣಿಸುತ್ತಾನೆ. ಮೂರು ಸಹಿ ಬೀಳುವವರೆಗೆ ಪ್ಲೇಟ್ ಏರುವಂತಿಲ್ಲ. ಬಣ್ಣಕ್ಕೆ ಶೇಡ್ ಕಾರ್ಡು, ಅದಕ್ಕೊಂದು ಸಹಿ. ಇಷ್ಟೆಲ್ಲ ಯಾರಿಗೋಸ್ಕರ? ಬೆನಿನ್ ದೇಶದ ಯಾವುದೋ ಊರಿನಲ್ಲಿ ಒಬ್ಬ ನರ್ಸಮ್ಮ ಆ ಚೀಟಿ ಬಿಚ್ಚಿ ಓದಿದಾಗ ತಪ್ಪಾಗಬಾರದು ಅಂತ.

ಸರಿಯಾದದ್ದೇ. ಹಾಗೇ ಇರಬೇಕು. ನಾನು ರಫ್ತನ್ನು ಬೈಯುವುದಕ್ಕೆ ಕೂತಿಲ್ಲ. ಈ ದೇಶ ಹೊರಗಿನವರಿಗೆ ಔಷಧಿ ಕಳಿಸುವುದು ಹೆಮ್ಮೆಯ ಮಾತು. ಸುಮಾರು 200 ದೇಶಗಳಿಗೆ ನಮ್ಮ ಔಷಧಿ ಹೋಗುತ್ತದೆ. 2023-24ರಲ್ಲಿ ಹೋದ ಮಾಲಿನ ಬೆಲೆ ಸುಮಾರು 2,780 ಕೋಟಿ ಡಾಲರ್. ನಮ್ಮ ರೂಪಾಯಿಯಲ್ಲಿ ಎರಡು ಲಕ್ಷ ಕೋಟಿಗೂ ಮೇಲೆ. ಆಫ್ರಿಕಾದಲ್ಲಿ ಏಡ್ಸ್ ಜನರನ್ನು ಗುಡಿಸಿ ಹಾಕುತ್ತಿದ್ದಾಗ ಅದರ ಮಾತ್ರೆಗೆ ಒಬ್ಬ ರೋಗಿಗೆ ವರ್ಷಕ್ಕೆ 10,000 ಡಾಲರಿಗಿಂತ ಹೆಚ್ಚು ಬೀಳುತ್ತಿತ್ತು. 2001ರಲ್ಲಿ ಮುಂಬಯಿಯ ಸಿಪ್ಲಾ ಕಂಪನಿ, ಗಡಿಯಿಲ್ಲದ ವೈದ್ಯರ ಸಂಸ್ಥೆಗೆ ಅದನ್ನು 350 ಡಾಲರಿಗೆ ಕೊಡುತ್ತೇನೆ ಅಂತ ಮುಂದೆ ಬಂತು. ದೊಡ್ಡ ದೊಡ್ಡ ದೇಶಗಳ ಕಂಪನಿಗಳು ಬಾಯಿ ಮೇಲೆ ಬೆರಳಿಟ್ಟುಕೊಂಡವು. ಕೋವಿಡ್ ಕಾಲದಲ್ಲಿ 2021ರ ಜನವರಿ 20ರಂದು ಲಸಿಕೆ ಮೊದಲು ಹೊರಟಿದ್ದು ಭೂತಾನಿಗೆ, ಮಾಲ್ಡೀವ್ಸಿಗೆ. ಇದನ್ನು ಕೇಳಿ ಎದೆಯುಬ್ಬದವನು ಯಾರು?

ನನ್ನ ತಕರಾರು ಬೇರೆ. ಹೊರಗೆ ಹೋಗುವ ಔಷಧಿಗೆ ಲೇಬಲ್ಲಿನ ಬೆಲೆ ಗೊತ್ತಿರುವ ಇದೇ ಜನಕ್ಕೆ ಒಳಗೆ ಮಾರುವಾಗ ಅದು ಯಾಕೆ ಮರೆತುಹೋಗುತ್ತದೆ?

ಲೇಬಲ್ಲು ಅಂದರೆ ಅಂಟಿಸುವ ಚೀಟಿ ತಾನೇ ಅಂತ ಮೂಗು ಮುರಿಯುವವರು ಇದ್ದಾರೆ. ಅವರಿಗೆ ಮೂರು ದೇಶದ ಕಥೆ ಹೇಳುತ್ತೇನೆ.

1988ರ ಡಿಸೆಂಬರಿನಲ್ಲಿ ಆರ್ಮೇನಿಯಾದಲ್ಲಿ ಭೂಕಂಪ ಆಯಿತು. ಆಗ ಅದು ಸೋವಿಯತ್ ಒಕ್ಕೂಟದೊಳಗಿತ್ತು. ಸಾವಿರಾರು ಜನ ಸತ್ತರು. ಜಗತ್ತೆಲ್ಲ ಮರುಗಿ ಔಷಧಿ ಕಳಿಸಿತು. ಎಷ್ಟು? ಔಷಧಿ, ಬ್ಯಾಂಡೇಜು ಎಲ್ಲ ಸೇರಿ 5,000 ಟನ್! ವಿಮಾನ ವಿಮಾನ ಬಂದು ಇಳಿಯಿತು. ಆದರೆ ಏನು ಬಂದಿದೆ ಅಂತ ತಿಳಿಯುವುದಕ್ಕೇ 50 ಜನ ಕೂತು ಆರು ತಿಂಗಳು ವಿಂಗಡಿಸಬೇಕಾಯಿತು. ನೂರಕ್ಕೆ ಎಂಟು ಪಾಲು ಬರುವಾಗಲೇ ಅವಧಿ ಮುಗಿದಿತ್ತು. ನಾಲ್ಕು ಪಾಲು ಚಳಿಗೆ ಹೆಪ್ಪುಗಟ್ಟಿ ಹಾಳಾಯಿತು. ಉಳಿದದ್ದರಲ್ಲಿ, ಇದು ಇಂಥ ಔಷಧಿ ಅಂತ ಸುಲಭವಾಗಿ ಗುರುತಿಸಲು ಆಗಿದ್ದು ನೂರಕ್ಕೆ 30 ಪಾಲು ಮಾತ್ರ. ಯಾಕೆಂದರೆ ಬಹುಪಾಲು ಡಬ್ಬಿಗಳ ಮೇಲೆ ಇದ್ದಿದ್ದು ಅವರವರ ದೇಶದ ಕಂಪನಿ ಇಟ್ಟ ಹೆಸರು. ಗಾಯಗೊಂಡವರು ಹಾಸಿಗೆ ಮೇಲೆ, ಔಷಧಿ ಗೋದಾಮಿನಲ್ಲಿ, ನಡುವೆ ಒಂದು ಚೀಟಿ ಅಡ್ಡ.

ಇನ್ನೊಂದು 1993ರಲ್ಲಿ ಲಿಥುವೇನಿಯಾದಲ್ಲಿ ನಡೆದದ್ದು. ಇದನ್ನು ನಿಧಾನವಾಗಿ ಓದಿ. ದಾನವಾಗಿ ಬಂದ ಔಷಧಿಗಳಲ್ಲಿ ಕ್ಲೋಸ್ಯಾಂಟೆಲ್ ಅನ್ನುವುದೊಂದಿತ್ತು. ಅದು ದನ ಕುರಿಗಳ ಹೊಟ್ಟೆಹುಳಕ್ಕೆ ಹಾಕುವ ಮದ್ದು. ಅದರ ಜೊತೆ ಒಳಚೀಟಿ ಬಂದಿರಲಿಲ್ಲ. ಅಲ್ಲಿನ ವೈದ್ಯರು ಪಾಪ, ಬೇರೆ ಔಷಧಿಗಳ ಚೀಟಿ ತಂದು ಹೆಸರಿಗೆ ಹೆಸರು ಹೋಲಿಸಿ ಇದು ಹೆಂಗಸರ ಗರ್ಭಕೋಶದ ಕಾಯಿಲೆಗೆ ಇರಬೇಕು ಅಂತ ಅಂದಾಜು ಕಟ್ಟಿ ಕೊಟ್ಟರು. ಹನ್ನೊಂದು ಹೆಂಗಸರು ಕಣ್ಣು ಕಳೆದುಕೊಂಡರು. ಪುಣ್ಯಕ್ಕೆ ಅದು ಕೆಲಕಾಲದ ಕುರುಡು. ವೈದ್ಯರು ಓದಿದವರೇ, ಔಷಧಿಯೂ ಕಲಬೆರಕೆಯದ್ದಲ್ಲ, ಕಳಿಸಿದವರಿಗೂ ಕೆಟ್ಟ ಬುದ್ಧಿ ಇರಲಿಲ್ಲ. ಇಲ್ಲದೆ ಹೋಗಿದ್ದು ಒಂದು ತುಂಡು ಅಚ್ಚಾದ ಕಾಗದ. ನನ್ನಂಥವನ ಪ್ರೆಸ್ಸಿನಲ್ಲಿ ಕೆಲವು ಪೈಸೆಗೆ ಆಗುವ ಕಾಗದ!

ಇಂಥವನ್ನೆಲ್ಲ ನೋಡಿ ವಿಶ್ವ ಆರೋಗ್ಯ ಸಂಸ್ಥೆ 1996ರಲ್ಲಿ, ಹೊರದೇಶಕ್ಕೆ ಔಷಧಿ ದಾನ ಮಾಡುವವರಿಗೆ ಸೂಚನೆಗಳನ್ನು ಬರೆಯಿತು. 1999ರಲ್ಲಿ ಅದನ್ನು ತಿದ್ದಿ ಮತ್ತೆ ಹೊರಡಿಸಿತು. ಕೇಳದೆ ಕಳಿಸಬೇಡಿ, ತಲುಪಿದ ಮೇಲೆ ಕಡೇಪಕ್ಷ ಒಂದು ವರ್ಷ ಅವಧಿ ಉಳಿದಿರಲಿ, ಯಾರೋ ಬಳಸಿ ಉಳಿಸಿದ ಮಾತ್ರೆ ಕೂಡಿಸಿ ಕಳಿಸಬೇಡಿ ಅಂತ. (ನಮ್ಮ ಹುಡುಗರೂ ಎಲ್ಲಾದರೂ ನೆರೆ ಬಂದಾಗ ಮನೆಮನೆಗೆ ಡಬ್ಬಿ ಹಿಡಿದು ಮಾತ್ರೆ ಕೂಡಿಸುತ್ತಾರೆ. ಮನಸ್ಸು ಒಳ್ಳೆಯದು, ಕೆಲಸ ಬೇಡ.) ಅದೇ ಸೂಚನೆಗಳಲ್ಲಿ ಇನ್ನೊಂದು ಮಾತಿದೆ: ಔಷಧಿಯ ಮೇಲಿನ ಬರಹ, ಪಡೆಯುವ ದೇಶದ ಆರೋಗ್ಯ ಸಿಬ್ಬಂದಿಗೆ ಸುಲಭವಾಗಿ ಅರ್ಥವಾಗುವ ಭಾಷೆಯಲ್ಲಿ ಇರಬೇಕು. ಹಾಗೆ ಹೇಳಿದ ಮೇಲೂ 2004ರ ಡಿಸೆಂಬರಿನ ಸುನಾಮಿಯಲ್ಲಿ ಇಂಡೋನೇಷ್ಯಾದ ಆಚೆ ಪ್ರಾಂತ್ಯಕ್ಕೆ 4,000 ಟನ್ ಔಷಧಿ ಬಂದು ಬಿತ್ತು. ಆಮೇಲೆ ಲೆಕ್ಕ ಹಾಕಿದವರು ಕಂಡಂತೆ, ಅದರಲ್ಲಿ ನೂರಕ್ಕೆ 70 ಪಾಲು ಅಲ್ಲಿಯ ಭಾಷೆಯಲ್ಲಿ ಇರಲಿಲ್ಲ. ದಾನ ಕೊಟ್ಟ ಮೇಲೂ ಸುಡುವ ಖರ್ಚು ಬಡವನ ತಲೆಗೇ.

ಈಗ ಯೂರೋಪಿಗೆ ಬನ್ನಿ. ಅಲ್ಲಿನ ಒಕ್ಕೂಟದ 2001ರ ಔಷಧ ಕಾನೂನು, ಯಾವ ದೇಶದಲ್ಲಿ ಮಾರುತ್ತೀಯೋ ಆ ದೇಶದ ಅಧಿಕೃತ ಭಾಷೆಯಲ್ಲಿ ಲೇಬಲ್ಲೂ ಒಳಚೀಟಿಯೂ ಇರಲಿ ಅನ್ನುತ್ತದೆ. ಎಸ್ಟೋನಿಯಾ ಅಂತ ಒಂದು ದೇಶ. ಜನಸಂಖ್ಯೆ 13-14 ಲಕ್ಷ. ನಮ್ಮ ಬೀದರ್ ಜಿಲ್ಲೆಯಲ್ಲಿ 2011ರ ಜನಗಣತಿಯಲ್ಲೇ 17 ಲಕ್ಷ ಜನ ಇದ್ದರು! ಆ ಬೀದರಿಗಿಂತ ಚಿಕ್ಕ ದೇಶಕ್ಕೆ ಎಸ್ಟೋನಿಯನ್ ಭಾಷೆಯಲ್ಲಿ ಚೀಟಿ. ಫಿನ್‌ಲೆಂಡಿನಲ್ಲಿ ಸ್ವೀಡಿಷ್ ಮಾತಾಡುವವರು ನೂರಕ್ಕೆ ಐದು ಜನ ಮಾತ್ರ. ಅವರಿಗೋಸ್ಕರ ಡಬ್ಬಿಯ ಮೇಲೆ ಫಿನ್ನಿಷ್ ಪಕ್ಕದಲ್ಲಿ ಸ್ವೀಡಿಷ್. ಬೆಲ್ಜಿಯಂನಲ್ಲಿ ಮೂರು ಭಾಷೆ. ಅಷ್ಟಕ್ಕೇ ನಿಂತಿಲ್ಲ, ಕಣ್ಣಿಲ್ಲದವರು ಮುಟ್ಟಿ ತಿಳಿಯಲಿ ಅಂತ ಡಬ್ಬಿಯ ಮೇಲೆ ಔಷಧಿಯ ಹೆಸರನ್ನು ಬ್ರೈಲ್ ಚುಕ್ಕೆಯಲ್ಲಿ ಎಬ್ಬಿಸಬೇಕು. ಒಳಚೀಟಿ ಅಚ್ಚಾಗುವ ಮೊದಲು ಸಾಮಾನ್ಯ ಜನರ ಕೈಗೆ ಕೊಟ್ಟು, ಓದಿ ಅರ್ಥವಾಯಿತೇ ಅಂತ ಕೇಳಿ ನೋಡಬೇಕು. ಭಾರತದ ಕಂಪನಿಗಳು ಅಲ್ಲಿ ಮಾರಬೇಕಾದರೆ ಇದನ್ನೆಲ್ಲ ತುಟಿಪಿಟಕ್ಕೆನ್ನದೆ ಮಾಡುತ್ತವೆ.

ಕನ್ನಡ ತಾಯಿನುಡಿ ಅಂತ 2011ರಲ್ಲಿ ಬರೆಸಿದವರು 4 ಕೋಟಿ 37 ಲಕ್ಷ. ನಮಗೆ ಏನು ಸಿಗುತ್ತದೆ?

ನಿಮ್ಮ ಬೀದಿಯ ಮೆಡಿಕಲ್ ಶಾಪಿನ ಮುಂದೆ ಒಂದು ಸಂಜೆ ನಿಂತು ನೋಡಿ. ಡಾಕ್ಟರು ಮೂರು ದಿನಕ್ಕೆ ಆರು ಮಾತ್ರೆ ಬರೆದಿರುತ್ತಾರೆ. ಅಂಗಡಿಯವನು ಹತ್ತರ ಪಟ್ಟಿ ತೆಗೆದು ಕತ್ತರಿಯಿಂದ ಕಚಕ್ ಅಂತ ಕತ್ತರಿಸುತ್ತಾನೆ. ಹೆಸರಿನ ಅರ್ಧ ಈ ಕಡೆ, ಅವಧಿ ಮುಗಿಯುವ ದಿನ ಆ ಕಡೆ. ಒಳಚೀಟಿ ಇದ್ದರೂ ಡಬ್ಬಿಯಲ್ಲೇ ಉಳಿಯುತ್ತದೆ, ಕೊನೆಗೆ ಅವನ ಕಸದ ಬುಟ್ಟಿಗೆ. ಇದ್ದದ್ದಾದರೂ ಏನು? ಎಂಟು ಪಾಯಿಂಟಿಗಿಂತ ಚಿಕ್ಕ ಇಂಗ್ಲಿಷ್. ಆಮೇಲೆ ಅಂಗಡಿಯವನು ಬಾಲ್ ಪೆನ್ನಿನಲ್ಲಿ 1-0-1 ಅಂತ ಗೀಚುತ್ತಾನೆ, 'ಊಟ ಆದ ಮೇಲೆ ಅಮ್ಮಾ' ಅನ್ನುತ್ತಾನೆ. ಅವನ ಬಾಯಿಂದ ಬರುವ ಆ ನಾಲ್ಕು ಮಾತೇ ನಾಲ್ಕು ಕೋಟಿ ಜನದ ಕನ್ನಡ ಲೇಬಲ್ಲು! ಮನೆಗೆ ಹೋಗುವಷ್ಟರಲ್ಲಿ ಮೂರು ತರದ ಮಾತ್ರೆಯಲ್ಲಿ ಯಾವುದು ಊಟಕ್ಕೆ ಮುಂಚೆ, ಯಾವುದು ಆಮೇಲೆ ಅಂತ ಆ ತಾಯಿಗೆ ಕಲಸಿಹೋಗಿರುತ್ತದೆ. ಮಗ ಇಂಗ್ಲಿಷ್ ಮೀಡಿಯಂ ಆದರೆ ಬಂದು ಓದುತ್ತಾನೆ. ಮಗ ಕೆಲಸಕ್ಕೆ ಹೋಗಿದ್ದರೆ?

ಮಕ್ಕಳಿಗೆ ಕೊಡುವ ಪುಡಿ ಸಿರಪ್ಪು ಗೊತ್ತಲ್ಲ? ಶೀಷೆಯಲ್ಲಿ ಪುಡಿ ಇರುತ್ತದೆ. ಕಾಯಿಸಿ ಆರಿಸಿದ ನೀರನ್ನು ಗುರುತಿನ ಗೆರೆಯವರೆಗೆ ಹಾಕಬೇಕು, ಚೆನ್ನಾಗಿ ಅಲ್ಲಾಡಿಸಬೇಕು, ಕಲಸಿದ ಮೇಲೆ ಇಷ್ಟೇ ದಿನ ಬಳಸಬೇಕು. ಎಲ್ಲ ಶೀಷೆಯ ಮೇಲೆ ಬರೆದಿದೆ, ಇಂಗ್ಲಿಷಿನಲ್ಲಿ. ನೀರು ಹೆಚ್ಚಾದರೆ ಔಷಧಿ ಸಪ್ಪೆ, ಕಡಿಮೆಯಾದರೆ ಗಟ್ಟಿ. ಹಾಲು ಕುಡಿಯುವ ಕೂಸಿಗೆ ಎರಡೂ ಆಟವಲ್ಲ. ಕೀಲುವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಮಾತ್ರೆ ವಾರಕ್ಕೆ ಒಂದೇ ದಿನ ನುಂಗುವಂಥದ್ದು. ತಪ್ಪಿ ದಿನಾ ನುಂಗಿ ಪ್ರಾಣ ಹೋದದ್ದು ಇಂಗ್ಲಿಷ್ ತಾಯಿನುಡಿಯ ದೇಶಗಳಲ್ಲೂ ಉಂಟು. ಓದು ಬರಹ ಬಂದವರೇ ಎಡವುವ ಜಾಗದಲ್ಲಿ ನಮ್ಮ ಅಜ್ಜಿಯರನ್ನು ಕಣ್ಣು ಕಟ್ಟಿ ನಡೆಸುತ್ತಿದ್ದೇವೆ. 2011ರ ಜನಗಣತಿಯ ಪ್ರಕಾರ ಈ ದೇಶದಲ್ಲಿ ಇಂಗ್ಲಿಷ್ ಬರುತ್ತದೆ ಅಂತ ಹೇಳಿಕೊಂಡವರೇ ನೂರಕ್ಕೆ ಹತ್ತು ಹನ್ನೊಂದು ಜನ. ಅದರಲ್ಲೂ ಔಷಧಿ ಚೀಟಿಯ ಇಂಗ್ಲಿಷ್ ಎಷ್ಟು ಜನಕ್ಕೆ ಅರ್ಥವಾದೀತು? ನನಗೆ ಅಚ್ಚು ಹಾಕಿ ಹಾಕಿ ಅಭ್ಯಾಸ ಆಗಿದೆ, ಆದರೂ ಅರ್ಧ ಅರ್ಥವಾಗುವುದಿಲ್ಲ.

ಇದು ಆಗದ ಕೆಲಸ ಅನ್ನುವವರಿಗೆ ಒಂದು ಉತ್ತರ ನಮ್ಮ ಹೊಲದಲ್ಲೇ ಇದೆ. ರೈತ ಬೆಳೆಗೆ ಹೊಡೆಯುವ ಕ್ರಿಮಿನಾಶಕದ ಡಬ್ಬಿ ಬಿಚ್ಚಿ ನೋಡಿ. ಒಳಗೊಂದು ಚೀಟಿ ಇರುತ್ತದೆ. 1971ರ ಕೀಟನಾಶಕ ನಿಯಮಗಳ ಪ್ರಕಾರ ಆ ಚೀಟಿ ಹಿಂದಿ, ಇಂಗ್ಲಿಷ್ ಜೊತೆಗೆ ಅದು ಮಾರಾಟವಾಗುವ ಪ್ರದೇಶದ ಒಂದೆರಡು ಭಾಷೆಯಲ್ಲೂ ಇರಬೇಕು. ಅಂದರೆ ನಮ್ಮಲ್ಲಿ ಕನ್ನಡದಲ್ಲಿ. ಹೇಗೆ ಬೆರೆಸಬೇಕು, ಮೈಮೇಲೆ ಬಿದ್ದರೆ ಏನು ಮಾಡಬೇಕು, ವಿಷ ಹೊಟ್ಟೆಗೆ ಹೋದರೆ ಏನು ಅಂತ. ಅರ್ಧ ಶತಮಾನದಿಂದ ಇದು ಕಾನೂನು. ವಿಷ ಕನ್ನಡದಲ್ಲಿ ಸಿಗುತ್ತದೆ ಸ್ವಾಮಿ, ಔಷಧಿ ಸಿಗುವುದಿಲ್ಲ! ಇದನ್ನು ಬರೆಯುವಾಗ ನನಗೇ ನಗು ಬರುತ್ತದೆ, ನಗುವ ವಿಷಯ ಅಲ್ಲ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತೂ ಹೇಳಲೇಬೇಕು. ಹೊರಗಿನವರಿಗೊಂದು ಕಣ್ಣು, ಒಳಗಿನವರಿಗೊಂದು ಕಣ್ಣು ಅನ್ನುವುದು ಭಾಷೆಯೊಂದರಲ್ಲೇ ಅಲ್ಲ. ನಕಲಿ ಮಾಲು ತಡೆಯಲು ರಫ್ತಿನ ಔಷಧಿ ಪೆಟ್ಟಿಗೆಗೆ ಬಾರ್‌ಕೋಡ್ ಹಾಕಬೇಕು ಅಂತ ಕೇಂದ್ರ ಸರ್ಕಾರ 2011ರಲ್ಲೇ ಶುರು ಮಾಡಿತು. ನಮ್ಮೂರ ಅಂಗಡಿಯಲ್ಲಿ ಮಾರುವ ಔಷಧಿಗೆ ಕ್ಯೂಆರ್ ಕೋಡ್ ಕಡ್ಡಾಯವಾಗಿದ್ದು 2023ರ ಆಗಸ್ಟ್ 1ರಿಂದ, ಅದೂ ಮೊದಲ ಹಂತದಲ್ಲಿ 300 ಬ್ರ್ಯಾಂಡಿಗೆ. ಹನ್ನೆರಡು ವರ್ಷದ ಅಂತರ. ಈ ಎರಡೂ ಕೆಲಸ ನಮ್ಮಂಥ ಪ್ರೆಸ್ಸಿಗೇ ಬರುವುದರಿಂದ ಈ ಲೆಕ್ಕ ಬಾಯಿಪಾಠ.

ಕೆಮ್ಮಿನ ಸಿರಪ್ಪಿನ ವಿಷಯವಂತೂ ಬಾಯಿ ಬಿಟ್ಟು ಹೇಳುವುದೇ ಕಷ್ಟ. 2022ರಲ್ಲಿ ಆಫ್ರಿಕಾದ ಗ್ಯಾಂಬಿಯಾದಲ್ಲಿ 66ಕ್ಕೂ ಹೆಚ್ಚು ಮಕ್ಕಳು ಮೂತ್ರಪಿಂಡ ಕೆಟ್ಟು ತೀರಿಕೊಂಡವು. ಹರಿಯಾಣದ ಕಂಪನಿಯೊಂದರ ಸಿರಪ್ಪಿನ ಮೇಲೆ ವಿಶ್ವ ಆರೋಗ್ಯ ಸಂಸ್ಥೆ ಬೆರಳು ತೋರಿಸಿತು. ಕಂಪನಿ ಒಪ್ಪಲಿಲ್ಲ, ನಮ್ಮ ಸರ್ಕಾರವೂ ಒಪ್ಪಲಿಲ್ಲ. ಆದರೂ ಮಾನ ಹೋಯಿತಲ್ಲ! 2023ರ ಜೂನ್ 1ರಿಂದ, ಹೊರದೇಶಕ್ಕೆ ಹೋಗುವ ಕೆಮ್ಮಿನ ಸಿರಪ್ಪು ಸರ್ಕಾರ ಒಪ್ಪಿದ ಪ್ರಯೋಗಾಲಯದಲ್ಲಿ ಪರೀಕ್ಷೆಯಾಗಿ ಪತ್ರ ಪಡೆದೇ ಹಡಗು ಹತ್ತಬೇಕು ಅಂತ ಆಜ್ಞೆ ಬಂತು. ಒಳ್ಳೆಯದು. ಒಳಗೆ ಮಾರುವ ಸಿರಪ್ಪಿಗೆ? ಆ ಆಜ್ಞೆ ಅನ್ವಯಿಸಲಿಲ್ಲ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ತಮಿಳುನಾಡಿನಲ್ಲಿ ತಯಾರಾದ ಸಿರಪ್ಪು ಕುಡಿದು ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಸತ್ತವು. ಅದರಲ್ಲಿ ಡೈಎಥಿಲೀನ್ ಗ್ಲೈಕಾಲ್ ಅನ್ನುವ ವಿಷ ಸಿಕ್ಕಿತು. ಊರಿಗೆ ಉಪಕಾರಿ ಮನೆಗೆ ಮಾರಿ ಅಂತ ನಮ್ಮ ಹಿರಿಯರು ಯಾರನ್ನು ನೋಡಿ ಹೇಳಿದರೋ!

ಬೀದರಿನ ಹೆಸರು ತೆಗೆದದ್ದಕ್ಕೂ ಕಾರಣ ಇದೆ. ಅಲ್ಲಿನ ಕೊಳಾರ ಕೈಗಾರಿಕಾ ಪ್ರದೇಶದಲ್ಲಿ ಔಷಧಿಯ ರಾಸಾಯನಿಕ ಮಾಡುವ ಕಾರ್ಖಾನೆಗಳಿವೆ. ಗಾಳಿ ಬೀಸಿದಾಗ ಬರುವ ವಾಸನೆ ಸುತ್ತಮುತ್ತಲ ಹಳ್ಳಿಯವರ ಪಾಲಿಗೆ. ಆ ಔಷಧಿಯ ಮೇಲಿನ ಅಕ್ಷರ ಮಾತ್ರ ಬೇರೆಯವರ ಪಾಲಿಗೆ.

ಇನ್ನು ಕಂಪನಿಗಳ ನೆಪಕ್ಕೆ ಬರೋಣ. ನನಗೆ ಇದು ಮನೆ ಅಡುಗೆಯಷ್ಟು ಗೊತ್ತಿರುವ ವಿಷಯ. 'ದೇಶದಲ್ಲಿ 22 ಭಾಷೆ ಇವೆ, ಬೆರಳಷ್ಟು ಪಟ್ಟಿಯ ಮೇಲೆ ಎಲ್ಲ ಹೇಗೆ ಬರೆಯೋದು?' ಅನ್ನುತ್ತಾರೆ. ಎಲ್ಲ ಬರೆಯಿರಿ ಅಂದವರು ಯಾರು? ಮಂಡ್ಯದಲ್ಲಿ ಮಾರುವ ಮಾತ್ರೆಗೆ ಅಸ್ಸಾಮಿ ಬೇಡ, ಗುವಾಹಟಿಯಲ್ಲಿ ಮಾರುವುದಕ್ಕೆ ಕನ್ನಡ ಬೇಡ. ಯಾವ ರಾಜ್ಯಕ್ಕೆ ಎಷ್ಟು ಮಾಲು ಅನ್ನುವುದು ಕಂಪನಿಗೆ ಗೊತ್ತು. ರಾಜ್ಯಕ್ಕೊಂದು ಗೋದಾಮು, ರಾಜ್ಯಕ್ಕೊಬ್ಬ ಸಿ ಅಂಡ್ ಎಫ್ ಏಜೆಂಟ್ ಇಟ್ಟುಕೊಂಡೇ ಅವರು ವ್ಯಾಪಾರ ಮಾಡುವುದು.

ಖರ್ಚು ಅನ್ನುತ್ತಾರೆ. ಕೇಳಿ, ಡಬ್ಬಿ ಅಚ್ಚಾಗುವುದು ನಾಲ್ಕು ಬಣ್ಣದಲ್ಲಿ, ನಾಲ್ಕು ಪ್ಲೇಟು. ಚಿತ್ರ, ಕಂಪನಿಯ ಗುರುತು, ಬಣ್ಣದ ಪಟ್ಟೆ ಇವೆಲ್ಲ ಮೂರು ಪ್ಲೇಟಿನಲ್ಲಿ ಮುಗಿಯುತ್ತವೆ. ಬರಹವನ್ನೆಲ್ಲ ಕಪ್ಪು ಪ್ಲೇಟಿನಲ್ಲಿ ಇಟ್ಟುಕೊಂಡರೆ ಸಾಕು, ಭಾಷೆ ಬದಲಾದಾಗ ಆ ಒಂದು ಪ್ಲೇಟು ಬದಲಾಯಿಸಿದರೆ ಆಯಿತು. ರಫ್ತಿನ ಡಬ್ಬಿಗೆ ಹೀಗೇ ಮಾಡುವುದು. ಬೆಳಿಗ್ಗೆ ಫ್ರೆಂಚ್, ಮಧ್ಯಾಹ್ನ ಪೋರ್ಚುಗೀಸ್, ಮೆಷಿನ್ ಅದೇ, ಮೆಷಿನ್ ಮ್ಯಾನ್ ಅದೇ. ಲಕ್ಷಗಟ್ಟಲೆ ಡಬ್ಬಿ ಓಡುವ ಕೆಲಸದಲ್ಲಿ ಒಂದು ಕಪ್ಪು ಪ್ಲೇಟಿನ ಖರ್ಚು ಡಬ್ಬಿಗೆ ಹಂಚಿದರೆ ಪೈಸೆಯ ಲೆಕ್ಕಕ್ಕೂ ಬರುವುದಿಲ್ಲ. ಇದನ್ನು ಯಾವ ಕಂಪನಿಯ ಮ್ಯಾನೇಜರನೂ ನನ್ನೆದುರು ಕೂತು ಇಲ್ಲ ಅನ್ನಲಿ ನೋಡೋಣ.

ಒಂದು ಮಾತು ಒಪ್ಪುತ್ತೇನೆ. ಮಾತ್ರೆ ಪಟ್ಟಿಯ ಹಿಂದಿನ ಬೆಳ್ಳಿ ಹಾಳೆ ಅಚ್ಚಾಗುವ ವಿಧಾನ ಬೇರೆ, ಅಲ್ಲಿ ಜಾಗವೂ ಇಕ್ಕಟ್ಟು. ಅದರ ಮೇಲೆ ಪೂರ್ತಿ ಪುರಾಣ ಬರೆಯಿರಿ ಅಂತ ಹಟ ಹಿಡಿಯುವುದು ದಡ್ಡತನ. ಔಷಧಿಯ ಹೆಸರು ಕನ್ನಡ ಅಕ್ಷರದಲ್ಲಿ, 'ವಾರಕ್ಕೊಮ್ಮೆ ಮಾತ್ರ' ಅನ್ನುವಂಥ ಪ್ರಾಣದ ಎಚ್ಚರಿಕೆ ಕನ್ನಡದಲ್ಲಿ, ಇಷ್ಟಕ್ಕೆ ಜಾಗ ಉಂಟು. ಉಳಿದದ್ದಕ್ಕೆ ಡಬ್ಬಿ ಇದೆ, ಶೀಷೆ ಇದೆ. ಪಟ್ಟಿ ಕತ್ತರಿಸಿ ಕೊಡುವಾಗ ಜೊತೆಗೆ ಕೊಡಲು ಅಂಗಡಿಗೆ ಕನ್ನಡ ಚೀಟಿಯ ಒಂದು ಪ್ಯಾಡ್ ಕಳಿಸಲಿ. ಈಗ ಕ್ಯೂಆರ್ ಕೋಡ್ ಇದೆಯಲ್ಲ, ಅದರೊಳಗೆ ತುಂಬಿರುವುದು ಹೆಸರು, ಬ್ಯಾಚು, ಲೈಸೆನ್ಸು. ಅದೇ ಚೌಕದ ಮೇಲೆ ಮೊಬೈಲ್ ಹಿಡಿದರೆ ಕನ್ನಡದಲ್ಲಿ ಬಳಸುವ ವಿಧಾನ ಓದಲು, ಓದಲು ಬಾರದವರು ಕೇಳಲು ಆಗುವಂತೆ ಮಾಡುವುದು ಈ ಬೆಂಗಳೂರಿನ ಹುಡುಗರಿಗೆ ಒಂದು ವಾರದ ಕೆಲಸ. ಆದರೆ ಅದನ್ನೇ ನೆಪ ಮಾಡಿ ಅಚ್ಚಿನ ಕನ್ನಡ ಬೇಡ ಅನ್ನಬಾರದು. ಅಜ್ಜಿಯ ಕೈಯಲ್ಲಿ ಮೊಬೈಲ್ ಇರುವುದಿಲ್ಲ, ಶೀಷೆ ಇರುತ್ತದೆ.

'ಕನ್ನಡದಲ್ಲಿ ವೈದ್ಯಕೀಯ ಪದಗಳೇ ಇಲ್ಲ' ಅನ್ನುವ ಪಂಡಿತರೂ ಇದ್ದಾರೆ. ಪದ ಯಾರು ಕೇಳಿದರು? ಪ್ಯಾರಾಸಿಟಮಾಲ್ ಅನ್ನುವುದನ್ನು ಕನ್ನಡ ಲಿಪಿಯಲ್ಲಿ ಹಾಗೇ ಬರೆಯಿರಿ. ಊಟದ ಮೇಲೆ, ಬರೀ ಹೊಟ್ಟೆಯಲ್ಲಿ, ಅಲ್ಲಾಡಿಸಿ ಕುಡಿಯಿರಿ, ಬಸುರಿಯರು ತೆಗೆದುಕೊಳ್ಳಬಾರದು, ಕಣ್ಣಿಗೆ ಮಾತ್ರ, ಕಿವಿಗೆ ಹಾಕಬೇಡಿ. ಇಷ್ಟಕ್ಕೆ ಕನ್ನಡ ಸಾಲದೆ?

ಈಗ ಮಾಡಬೇಕಾದದ್ದು. ನಮ್ಮ ರಾಜ್ಯ ಸರ್ಕಾರ 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯಿದೆಯಡಿ 2025ರ ಫೆಬ್ರವರಿಯಲ್ಲಿ, ಕರ್ನಾಟಕದಲ್ಲಿ ತಯಾರಾಗುವ ವಸ್ತುಗಳ ಮೇಲೆ ಹೆಸರು, ಬಳಕೆಯ ವಿವರ ಕನ್ನಡದಲ್ಲೂ ಇರಬೇಕು ಅಂತ ಆದೇಶ ಮಾಡಿದೆ. ಸಂತೋಷ. ಆದರೆ ನಮ್ಮ ಅಂಗಡಿಗೆ ಬರುವ ಎಷ್ಟೋ ಮಾತ್ರೆ ತಯಾರಾಗುವುದು ಹಿಮಾಚಲದ ಬದ್ದಿಯಲ್ಲಿ, ಸಿಕ್ಕಿಂನಲ್ಲಿ, ಗುಜರಾತಿನಲ್ಲಿ. ಅವಕ್ಕೆ ಈ ಆದೇಶ ತಾಗುವುದಿಲ್ಲ. ಅಲ್ಲಿಗೆ ಮುಟ್ಟಬೇಕಾದರೆ ದಿಲ್ಲಿಯಲ್ಲಿ 96ನೇ ನಿಯಮಕ್ಕೇ ಒಂದು ಸಾಲು ಸೇರಬೇಕು. ಹೊರದೇಶಕ್ಕೆ 94ನೇ ನಿಯಮ ಕೊಟ್ಟ ಮರ್ಯಾದೆಯನ್ನು ಒಳನಾಡಿನ ರಾಜ್ಯಗಳಿಗೆ 96ನೆಯದು ಕೊಡಲಿ. ಇದು ಕನ್ನಡಕ್ಕೆ ಮಾತ್ರ ಕೇಳುವುದಲ್ಲ. ತಮಿಳರಿಗೆ ತಮಿಳು ಸಿಗಲಿ, ಒರಿಯಾದವರಿಗೆ ಒರಿಯಾ ಸಿಗಲಿ. ಕಾಯಿಲೆಯವನ ಜೊತೆ ನಮಗೇನು ಜಗಳ?

ದಿಲ್ಲಿ ಏಳುವವರೆಗೆ ಬೆಂಗಳೂರು ಕೈಕಟ್ಟಿ ಕೂರಬೇಕಾಗಿಲ್ಲ. ಸರ್ಕಾರಿ ಆಸ್ಪತ್ರೆಗಳ ಔಷಧಿ ಕೊಳ್ಳುವುದು ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮ. ಟೆಂಡರಿನ ಷರತ್ತು ಬರೆಯುವ ಕೈ ಅವರದೇ. ಕೊಳ್ಳುವವನು ಹೇಳಿದಂತೆ ಮಾರುವವನು ಮಾಡುತ್ತಾನೆ. ಬೆನಿನ್‌ನವರು ಹೇಳಲಿಲ್ಲವೇ? 'ಡಬ್ಬಿ ಮತ್ತು ಶೀಷೆಯ ಮೇಲೆ ಹೆಸರು, ಬಳಸುವ ವಿಧಾನ, ಎಚ್ಚರಿಕೆ ಕನ್ನಡದಲ್ಲೂ ಇರತಕ್ಕದ್ದು' ಅಂತ ಟೆಂಡರಿನಲ್ಲಿ ಒಂದು ಸಾಲು ಬಿದ್ದ ದಿನ, ಬದ್ದಿಯ ಕಾರ್ಖಾನೆಯವನೇ ಕನ್ನಡ ಡಿಟಿಪಿ ಮಾಡುವವರನ್ನು ಹುಡುಕಿಕೊಂಡು ಬರುತ್ತಾನೆ. ಬಡವರು ಹೋಗುವುದು ಸರ್ಕಾರಿ ಆಸ್ಪತ್ರೆಗೆ, ಮೊದಲು ಬೇಕಾದದ್ದೂ ಅವರಿಗೇ.

ಹಾಗಾಗಿ ತಮ್ಮಂದಿರೇ, ಬೋರ್ಡಿಗೆ ಮಸಿ ಬಳಿಯುವ ಮೊದಲು ಈ ಕೆಲಸಕ್ಕೆ ನಾಲ್ಕು ಭಾನುವಾರ ಕೊಡಿ. ನಿಮ್ಮ ಮನೆಯ ಔಷಧಿ ಡಬ್ಬಿ ಬಿಚ್ಚಿ, ಇಂಗ್ಲಿಷಿನಲ್ಲಿ ಮಾತ್ರ ಇರುವ ಖಾಲಿ ಶೀಷೆ, ಡಬ್ಬಿಗಳನ್ನು ಎತ್ತಿಡಿ. ಬಡಾವಣೆಗೆ ನೂರು ಸಿಕ್ಕರೂ ಸಾಕು, ಗೋಣಿಚೀಲದಲ್ಲಿ ತುಂಬಿ ನಿಗಮದ ಕಚೇರಿಗೆ ಹೋಗಿ ಮೇಜಿನ ಮೇಲೆ ಸುರಿದು, ಇದನ್ನು ಕನ್ನಡದಲ್ಲಿ ಓದಿ ಹೇಳಿ ಸ್ವಾಮಿ ಅಂತ ಕೇಳಿ. ಕೈ ಎತ್ತಬೇಡಿ, ಬಾಯಿ ಹರಿಬಿಡಬೇಡಿ, ಕೇಳಿ ಅಷ್ಟೇ. ದಿಲ್ಲಿಯ ಆರೋಗ್ಯ ಮಂತ್ರಾಲಯಕ್ಕೆ ಕಾರ್ಡು ಬರೆಯಿರಿ, ಕನ್ನಡದಲ್ಲೇ ಬರೆಯಿರಿ. ಔಷಧ ನಿಯಮಕ್ಕೆ ತಿದ್ದುಪಡಿ ತರುವಾಗಲೆಲ್ಲ ಅದರ ಕರಡನ್ನು ಗೆಜೆಟ್ಟಿನಲ್ಲಿ ಪ್ರಕಟಿಸಿ ಸಾರ್ವಜನಿಕರ ಆಕ್ಷೇಪಣೆ, ಸಲಹೆ ಕೇಳಬೇಕು ಅಂತ ಕಾನೂನೇ ಇದೆ. ಹಾಗೆ ಕರಡು ಬಂದಾಗಲೆಲ್ಲ, ಅದು ಯಾವ ವಿಷಯದ್ದೇ ಇರಲಿ, 96ನೇ ನಿಯಮಕ್ಕೆ ಭಾಷೆಯ ಸಾಲು ಸೇರಿಸಿ ಅಂತ ನಮ್ಮದೊಂದು ಪತ್ರ ಹೋಗಲಿ.

ಕಾರ್ಡಿನ ಮಾದರಿ ಬೇಕಾದವರು ನನ್ನ ಪ್ರೆಸ್ಸಿಗೆ ಬನ್ನಿ. ಕಾಗದದ ದುಡ್ಡು ಕೊಡಿ, ಅಚ್ಚಿನ ಕೂಲಿ ಬೇಡ.